ಕೊನೆಯ ಬೆಂಚಿನ ಟೀಚರ್

ಒಂದು ತರಗತಿಗೆ ಒಬ್ಬರೇ ಶಿಕ್ಷಕರಿರಬೇಕು ಎಂಬುದು ನನ್ನ ಘನ ಸಿದ್ಧಾಂತವಾಗಿತ್ತು. ಅದನ್ನು ನಾನು ಮಂಡಿಸುತ್ತಿದ್ದುದು ಹೆಚ್ಚಾಗಿ ಚಹಾ ಕುಡಿಯುವಾಗ.

ಖಾನಾಪುರದ ನಮ್ಮ ಶಾಲೆಗೆ ಬೆಳಗಾವಿಯಿಂದ ಇಬ್ಬರು ಬಿ.ಇಡಿ. ಗೆಳತಿಯರು ಅಭ್ಯಾಸ ಪಾಠಕ್ಕೆ ಬಂದಿದ್ದರು, ಮಾರ್ಗದರ್ಶಕ ನಾನು. ಸುಜಾತಾ ವಿಜ್ಞಾನ ಕಲಿಸುವಾಗ ಗೆಳತಿ ಕೊನೆಯ ಬೆಂಚಿನಲ್ಲಿ ಕುಳಿತು, ಮರಾಠಿ ಮನೆಮಾತಿನ ಮಕ್ಕಳಿಗೆ ಅದನ್ನೇ ಮೆಲ್ಲಗೆ ಮರಾಠಿಯಲ್ಲಿ ಹೇಳುತ್ತಿದ್ದಳು. ಅಂಕ ಹಾಕುವ ಪಾಠದ ದಿನ ಅವಳನ್ನು ಹೊರಗೆ ಕಳಿಸಿದೆ.

‘ಸರ್, ನಾವಿಬ್ರೂ ಕೂಡೇ ಕಲಿಸ್ತೀವ್ರಿ’ ಎಂದಳು ಸುಜಾತಾ.

‘ಪಾಠ ಐತಿ ತಂಗಿ ಇದು, ಜುಗಲ್‌ಬಂದಿ ಅಲ್ಲ.’

ಪಾಠದ ನಡುವೆ ಸುಜಾತಾ ಪ್ರಶ್ನೆ ಕೇಳಿದಾಗ ಅರ್ಧ ತರಗತಿ ಸುಮ್ಮನಿತ್ತು. ಕೊನೆಗೆ ಒಬ್ಬ ಹುಡುಗಿ ಎದ್ದು ನನಗೇ ಹೇಳಿದಳು: ‘ಹಿಂದಿನ ಬೆಂಚಿನ ಟೀಚರ್‌ನ ಒಳಗ ಕರೀರಿ ಸರ್, ಆಮ್ಯಾಗ ಹೇಳ್ತೀವ್ರಿ.’

ಗೆಳತಿ ಬಾಗಿಲಾಚೆಯೇ ನಿಂತಿದ್ದಳು. ನಾನು ಕರೆಯಲಿಲ್ಲ. ಆ ವರ್ಷ ಎಲ್ಲರಿಗಿಂತ ಕಡಿಮೆ ಅಂಕ ಬಂದದ್ದು ಸುಜಾತಾಳಿಗೆ. ಹಾಕಿದವನು ನಾನು.