ಹಿಂದಿನ ಬೀದಿಯ ಅರ್ಧ ಕನಸುಗಳು

ಬೆಳಕು ಬರಲೋ ಬೇಡವೋ ಎಂದು ಯೋಚಿಸುತ್ತಿರುವ ಹೊತ್ತು. ರಾತ್ರಿಯ ಲಾರಿಗಳು ಎಬ್ಬಿಸಿಹೋದ ಧೂಳು ಬೀದಿಯ ಮೇಲೆ ಮಂಜಿನಂತೆ ನಿಂತಿದೆ. ಬೀದಿದೀಪಗಳು ಅದರೊಳಗೆ ಹಳದಿಯಾಗಿ ತೇಲುತ್ತಿವೆ. ಇಸ್ತ್ರಿ ಅಂಗಡಿಯ ಮೆಟ್ಟಿಲ ಮೇಲೆ ಅಜ್ಜಿಯೊಬ್ಬರು ಶಾಲು ಹೊದ್ದು ಕುಳಿತಿದ್ದಾರೆ. ಅವರ ಪಕ್ಕದಲ್ಲಿ, ಮೊಣಕಾಲ ಮೇಲೆ ಫೋನಿಟ್ಟುಕೊಂಡು, ಐವತ್ತರ ಆಸುಪಾಸಿನ ಹೆಂಗಸು. ಯಾವ ಅವಸರವೂ ಇಲ್ಲದ ದನಿಯಲ್ಲಿ ಆಕೆ ಕೇಳುತ್ತಾರೆ:

“ರಾತ್ರಿ ಕನಸು ಏನಾದ್ರೂ ಬಿತ್ತಾ ಅಜ್ಜಿ?”

“ಬೀಳದೇ ಏನು! ಹೊಳೇಲಿ ಈಜ್ತಾ ಇದ್ದೆ. ನಂಗೆ ಈಜು ಬರಲ್ಲ, ಅದು ಬೇರೆ ಮಾತು. ನೀರು ಬೆಚ್ಚಗಿತ್ತು ಕಣೇ. ಆಚೆ ದಡದಲ್ಲಿ ನಮ್ಮಕ್ಕ ನಿಂತ್ಕೊಂಡು ಬಾ ಬಾ ಅಂತಾಳೆ. ಇನ್ನೇನು ಕಾಲಿಗೆ ಮರಳು ಸಿಗಬೇಕು...”

“ಆಮೇಲೆ?”

“ಆಮೇಲೆ ಎಲ್ಲಿ ಬಂತು? ಲಾರಿಯವನು ಹಾರ್ನ್ ಹೊಡ್ದ. ನಡುನೀರಲ್ಲೇ ಕೈಬಿಟ್ಟು ಹೋದ, ಹಾಳಾದೋನು.”

ಹೆಂಗಸು ನಗುವುದಿಲ್ಲ. ಫೋನಿನಲ್ಲಿ ಎರಡು ಕಡೆ ಒತ್ತುತ್ತಾರೆ: ಕನಸು ಅರ್ಧಕ್ಕೇ ನಿಂತಿತು, ಕಾರಣ ಹಾರ್ನ್. ಅಜ್ಜಿ ಇನ್ನೂ ಹೊಳೆಯಲ್ಲೇ ಇದ್ದಾರೇನೋ ಎಂಬಂತೆ ಕಾಲು ನೀಡಿಕೊಂಡು ಕೂತಿರುತ್ತಾರೆ. ಅವರನ್ನು ದಡ ಸೇರಿಸುವುದು ಈ ಕೆಲಸದಲ್ಲಿ ಇಲ್ಲ. ಹೆಂಗಸು ಎದ್ದು ಪಕ್ಕದ ಮನೆಯತ್ತ ನಡೆಯುತ್ತಾರೆ.

ಬೀದಿಯವರೆಲ್ಲ ಈಕೆಯನ್ನು ಕರೆಯುವುದು ನಿದ್ದೆಯಕ್ಕ ಎಂದು. ಒಂದು ಅಧ್ಯಯನ ಸಂಸ್ಥೆಗಾಗಿ ಮನೆಮನೆಗೆ ಹೋಗಿ ಜನರ ನಿದ್ದೆಯ ಬಗ್ಗೆ ಕೇಳಿ ದಾಖಲಿಸುವುದು ಇವರ ಕೆಲಸ. ದಿನಕ್ಕೆ ಹತ್ತಿಪ್ಪತ್ತು ಮನೆ, ವಾರದಲ್ಲಿ ಆರು ದಿನ, ಬಹುಪಾಲು ಸೂರ್ಯ ಹುಟ್ಟುವ ಮೊದಲೇ. ಜನ ಕೆಲಸಕ್ಕೆ ಹೊರಡುವಷ್ಟರಲ್ಲಿ ಕೇಳಿಬಿಡಬೇಕು, ಇಲ್ಲದಿದ್ದರೆ ರಾತ್ರಿ ಕಂಡದ್ದು ಹಲ್ಲುಜ್ಜುವಾಗಲೇ ಮರೆತುಹೋಗಿರುತ್ತದೆ.

ಇಷ್ಟಕ್ಕೂ ಒಂದು ಬೀದಿಯ ನಿದ್ದೆ ಯಾರಿಗೆ ಬೇಕು? ಅದಕ್ಕೊಂದು ಕಥೆಯಿದೆ. ಊರಂಚಿನ ಗೋದಾಮುಗಳಿಂದ ಹೆದ್ದಾರಿಗೆ ಹೋಗುವ ಲಾರಿಗಳು ಮೊದಲು ಮುಂದಿನ ಬೀದಿಯಲ್ಲಿ ಓಡಾಡುತ್ತಿದ್ದವು. ಆ ಬೀದಿಯಲ್ಲಿ ಡಾಕ್ಟರಿದ್ದಾರೆ, ವಕೀಲರಿದ್ದಾರೆ, ಯಾವ ಕಚೇರಿಯ ಯಾವ ಬಾಗಿಲು ತಟ್ಟಬೇಕೆಂದು ಬಲ್ಲವರಿದ್ದಾರೆ. ಅವರು ತಟ್ಟಿದರು. ಒಂದು ವರ್ಷದ ಮಟ್ಟಿಗೆ ನೋಡೋಣವೆಂದು ನಗರಸಭೆ ರಾತ್ರಿಯ ಲಾರಿಗಳನ್ನೆಲ್ಲ ಹಿಂದಿನ ಬೀದಿಗೆ ತಿರುಗಿಸಿತು. ಹಿಂದಿನ ಬೀದಿಯಲ್ಲಿ ಇರುವವರು ಆಯಾಗಳು, ಕಾವಲುಗಾರರು, ನಲ್ಲಿ ರಿಪೇರಿಯವರು, ಚಾಲಕರು. ಅವರಿಗೆ ಬಾಗಿಲು ಗೊತ್ತಿರಲಿಲ್ಲ. ಗೊತ್ತಿದ್ದರೂ ತಟ್ಟಲು ರಜೆ ಸಿಗುತ್ತಿರಲಿಲ್ಲ.

ವರ್ಷ ಮುಗಿಯುವ ಹೊತ್ತಿಗೆ ಲಾರಿಗಳು ಅಲ್ಲೇ ಕಾಯಂ ಆಗಬೇಕೋ ಬೇಡವೋ ಎಂದು ಸಂಚಾರ ಸಮಿತಿ ತೀರ್ಮಾನಿಸಬೇಕಿತ್ತು. ಅದಕ್ಕೆ ಪುರಾವೆ ಬೇಕು ಎಂದಿತು. ಸಂಸ್ಥೆಯ ಕನ್ನಡಕದ ಮೇಡಂ, ಮೂವತ್ತು ದಾಟಿರದ ಹುಡುಗಿ, ಆ ಅಧ್ಯಯನ ಕೈಗೆತ್ತಿಕೊಂಡರು. ಬೀದಿ ಬಲ್ಲ ಹೆಂಗಸೊಬ್ಬಳು ಬೇಕೆಂದು ಹುಡುಕುತ್ತ ಬಂದಾಗ ಸಿಕ್ಕವರು ಈ ಅಕ್ಕ. ಅಂಗಿಗೆ ಕಾಲರು ಹೊಲಿಯುವ ಕೆಲಸದಲ್ಲಿ ಕಣ್ಣು ಮಂಜಾಗಿ, ಮನೆಯಲ್ಲಿ ಕುಳಿತು ಒಂದು ವರ್ಷವಾಗಿತ್ತು.

“ಸೂಜಿಗೆ ದಾರ ಪೋಣಿಸೋಕೆ ಆಗ್ತಿರಲಿಲ್ಲ. ಮಾತಾಡೋಕೆ ಕಣ್ಣು ಬೇಡವಲ್ಲ, ಸರಿ ಅಂತ ಒಪ್ಕೊಂಡೆ,” ಎನ್ನುತ್ತಾರೆ ಅಕ್ಕ. ಆದರೆ ಒಪ್ಪಿಕೊಂಡಿದ್ದಕ್ಕೆ ನಿಜವಾದ ಕಾರಣ ಮನೆಯೊಳಗೇ ಇತ್ತು. ಅಕ್ಕನ ಗಂಡ ಬಸ್ ಚಾಲಕರು, ಬೆಳಗಿನ ಮೊದಲ ಬಸ್ಸು ಅವರದು. ಲಾರಿಗಳು ಬಂದ ಮೇಲೆ ಅವರು ಅರ್ಧ ರಾತ್ರಿ ಕಿಟಕಿಯ ಬಳಿ ಕುಳಿತೇ ಕಳೆಯುತ್ತಿದ್ದರು. ಕಪಾಟಿನ ಲೋಟಗಳು ಗಿಲಗಿಲ ಎನ್ನುವುದನ್ನು ಕೇಳುತ್ತ, ಕೆಂಪು ಕಣ್ಣು ಉಜ್ಜಿಕೊಳ್ಳುತ್ತ, ಹಾಗೇ ಎದ್ದು ಡಿಪೋಗೆ ಹೋಗುತ್ತಿದ್ದರು.

“ಅವರು ಹೋದ್ಮೇಲೆ ನಂಗೆ ಒಂದೇ ಯೋಚನೆ. ಸ್ಟೇರಿಂಗ್ ಹಿಡ್ಕೊಂಡಾಗ ಕಣ್ಣು ಮುಚ್ಚಿದ್ರೆ? ಹಿಂದೆ ಅಷ್ಟು ಜನ ಕೂತಿರ್ತಾರೆ. ಸಂಜೆ ಅವರ ಚಪ್ಪಲಿ ಸದ್ದು ಕೇಳೋವರೆಗೂ ಜೀವ ಕೈಯಲ್ಲಿ ಹಿಡ್ಕೊಂಡಿರ್ತಿದ್ದೆ.”

ಕೆಲಸವೇನೋ ಸಲೀಸು ಎನಿಸಿತ್ತು. ಮೇಡಂ ಕಲಿಸಿದ್ದು ಇಷ್ಟೇ: ಅವರ ಬಾಯಿಗೆ ಮಾತು ತುರುಕಬೇಡಿ, ತಲೆಯಾಡಿಸಬೇಡಿ, ಕೇಳಿ ಸುಮ್ಮನಿರಿ. ಸುಮ್ಮನಿರುವುದೇ ಕಷ್ಟವಾಯಿತಂತೆ. ಒಬ್ಬ ಕಾವಲುಗಾರ ನಿದ್ದೆ ಮಾತ್ರೆ ಕೊಡಲು ಬಂದವಳೆಂದು ಕೈ ಚಾಚಿದ. ಇನ್ನೊಬ್ಬಾಕೆ, “ಜನರ ನಿದ್ದೆ ಲೆಕ್ಕ ಹಾಕೋಕೆ ಹುಟ್ಟಿದ್ಯಾ?” ಎಂದು ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿಕೊಂಡಳು. ಮಾರನೆಯ ದಿನ ಅದೇ ಬಾಗಿಲ ಮುಂದೆ ಅಕ್ಕ ಮತ್ತೆ ಹಾಜರು. ಮೂರನೆಯ ದಿನ ಅವಳೇ ಒಳಗೆ ಕರೆದು ಚಹಾ ಕೊಟ್ಟಳು.

ಎಡವಟ್ಟಾಗಿದ್ದು ಮೊದಲ ಸುತ್ತಿನ ಉತ್ತರಗಳನ್ನು ಒಟ್ಟು ಮಾಡಿದಾಗ. “ರಾತ್ರಿ ನಿದ್ದೆ ಚೆನ್ನಾಗಿ ಬಂತಾ?” ಎಂಬ ಪ್ರಶ್ನೆಗೆ ಹಿಂದಿನ ಬೀದಿ ಒಕ್ಕೊರಲಿನಿಂದ ಹೇಳಿದ್ದು, ಚೆನ್ನಾಗಿ ಬಂತು. ಮುಂದಿನ ಬೀದಿಗಿಂತ ಒಂದು ಕೈ ಮೇಲೆ! ಅದನ್ನು ನೋಡಿದ ಸಮಿತಿಯ ಒಬ್ಬರು, “ಹಾಗಾದರೆ ಅವರಿಗೆ ಅಭ್ಯಾಸವಾಗಿಬಿಟ್ಟಿದೆ, ಮುಗಿಯಿತಲ್ಲ,” ಎಂದರಂತೆ. ಬೀದಿಗೆ ನಿದ್ದೆ ತರಲು ಹೊರಟ ಅಕ್ಕ ತಮ್ಮ ಕೈಯಾರೆ ಲಾರಿಗಳಿಗೆ ದಾರಿ ಬರೆದುಕೊಡುವಂತಾಗಿತ್ತು.

ಆ ವಾರವೇ ಅಕ್ಕನ ಮನೆಯ ಸರದಿ ಬಂತು. ಸ್ವಂತ ಮನೆಯನ್ನು ತಾವೇ ಕೇಳಬಾರದೆಂಬ ನಿಯಮವಿದ್ದುದರಿಂದ ಮೇಡಂ ಬಂದಿದ್ದರು. ಅಕ್ಕ ಒಳಗೆ ಚಹಾಕ್ಕೆ ನೀರಿಟ್ಟು ಕಿವಿಯೆಲ್ಲ ಹೊರಗಿಟ್ಟಿದ್ದರು. ಇಡೀ ರಾತ್ರಿ ಕಿಟಕಿಯ ಬಳಿ ಕುಳಿತಿದ್ದ ಗಂಡ ಹೇಳಿದ್ದು ಕೇಳಿಸಿತು: “ಫಸ್ಟ್ ಕ್ಲಾಸ್ ನಿದ್ದೆ ಮೇಡಂ. ಮಲಗಿದ್ರೆ ನಾನು ಕೊರಡು.”

ಮೇಡಂ ಅತ್ತ ಹೋದದ್ದೇ ತಡ, ಅಕ್ಕ ಸೌಟು ಹಿಡಿದೇ ಹೊರಗೆ ಬಂದರು. “ಸುಳ್ಳು ಯಾಕ್ರೀ ಹೇಳಿದ್ರಿ?”

“ನಿದ್ದೆ ಇಲ್ಲ ಅನ್ನೋದು ಡಿಪೋದವರ ಕಿವಿಗೆ ಬಿದ್ರೆ ಸ್ಟೇರಿಂಗ್ ಕಿತ್ಕೊಳ್ತಾರೆ. ಅದೂ ಅಲ್ದೆ, ಬೆಳಬೆಳಗ್ಗೆ ಮನೆಗೆ ಬಂದೋರು ಚೆನ್ನಾಗಿ ಮಲಗಿದ್ರಾ ಅಂತ ಕೇಳಿದ್ರೆ, ಇಲ್ಲ ಅಂತ ಯಾರಾದ್ರೂ ಹೇಳ್ತಾರೇನೇ?”

ಅಕ್ಕ ಸೌಟು ಕೆಳಗಿಟ್ಟರು. ಹೌದಲ್ಲ! ಎದುರು ಸಿಕ್ಕವರು ಚೆನ್ನಾಗಿದ್ದೀರಾ ಎಂದರೆ ಮೈ ಕೆಂಡದಂತೆ ಸುಡುತ್ತಿದ್ದರೂ ಚೆನ್ನಾಗಿದ್ದೇವೆ ಎನ್ನುವವರಲ್ಲವೇ ನಾವು? ಬೀದಿಯವರು ಉತ್ತರ ಕೊಟ್ಟಿರಲಿಲ್ಲ, ಮರ್ಯಾದೆ ಕೊಟ್ಟಿದ್ದರು.

ಅಂದೇ ಅಕ್ಕ ಸಂಸ್ಥೆಯ ಕಚೇರಿಗೆ ಓಡಿದರು. “ಮೇಡಂ, ಯಾರ್ಯಾರಿಗೆ ಕಣ್ಣಿಗೆ ಕಣ್ಣು ಹತ್ತಲ್ಲ ಅಂತ ನಂಗೆ ಗೊತ್ತು. ಎಲ್ಲಾ ನಾನೇ ಸರಿ ಮಾಡಿ ಒತ್ತಿಬಿಡ್ತೀನಿ.” ಗಂಡನ ಜೀವಕ್ಕಾಗಿ ಅಷ್ಟೂ ಮಾಡಲು ಅವರು ತಯಾರಿದ್ದರು. ಅದನ್ನು ಮುಚ್ಚಿಡುವುದೂ ಇಲ್ಲ.

ಮೇಡಂ ಕನ್ನಡಕ ತೆಗೆದಿಟ್ಟು ಹೇಳಿದರಂತೆ: “ಬೇಡ ಅಕ್ಕ. ನಿಮಗೆ ಗೊತ್ತಿರೋದನ್ನ ನೀವು ಬರೆದ್ರೆ, ನಾಳೆ ಲಾರಿ ಇಲ್ಲೇ ಇರಲಿ ಅನ್ನೋನು ಅವನಿಗೆ ಗೊತ್ತಿರೋದನ್ನ ಬರೀತಾನೆ. ಅವರು ಹೇಳಿದ್ದೇ ಇರ್ಬೇಕು. ನಾವು ಕೇಳಿದ್ದು ಸರಿಯಿಲ್ಲ ಅಂದ್ರೆ ಬೇರೆ ಥರ ಕೇಳೋಣ. ಹೇಗೆ ಅಂತ ಇಬ್ಬರೂ ಯೋಚನೆ ಮಾಡೋಣ.”

ದಾರಿ ತೋರಿಸಿದ್ದು ಆಸ್ಪತ್ರೆಯ ಆಯಾ. ನಿದ್ದೆ ಹೇಗಿತ್ತು ಎಂದರೆ ಎಲ್ಲರಂತೆ ಚೆನ್ನಾಗಿತ್ತು ಎಂದಳು. ಅಕ್ಕ ಮುಂದಿನ ಮನೆಗೆ ಹೊರಟಾಗ ತಾನಾಗಿಯೇ ಕೈ ಹಿಡಿದು ನಿಲ್ಲಿಸಿದಳು: “ಅಕ್ಕ, ಕನಸಲ್ಲಿ ನಮ್ಮಮ್ಮ ಬಂದಿದ್ದಳು. ಹೋಗಿ ಆರು ವರ್ಷ ಆಯ್ತು, ಒಂದು ದಿನವೂ ಬಂದಿರಲಿಲ್ಲ. ಮಂಚದ ತುದೀಲಿ ಕೂತ್ಕೊಂಡು ಏನೋ ಹೇಳೋಕೆ ಅಂತ ಬಾಯಿ ತೆಗೆದಳು... ಅಷ್ಟರಲ್ಲಿ ಲಾರಿ. ಏನು ಹೇಳೋಕೆ ಬಂದಿದ್ದಳೋ!” ಹೇಳುತ್ತ ಹೇಳುತ್ತ ಆಕೆಯ ಕಣ್ಣು ತುಂಬಿತು. ಅಕ್ಕನಿಗೂ ತಡೆಯಲಾಗಲಿಲ್ಲ. ಜೊತೆಗೇ ಹೊಳೆಯಿತು: ನಿದ್ದೆಯ ಬಗ್ಗೆ ಜನ ಸಂಕೋಚಪಡುತ್ತಾರೆ, ಕನಸಿನ ಬಗ್ಗೆ ಯಾರೂ ಸುಳ್ಳು ಹೇಳುವುದಿಲ್ಲ. ಹೇಳಿ ಏನು ಲಾಭ?

ಅಕ್ಕ ಇದನ್ನು ಹೇಳಿದಾಗ ಮೇಡಂ ಮೊದಲು ನಕ್ಕರು. ಆಮೇಲೆ ಎರಡು ದಿನ ಅದನ್ನೇ ತಲೆಗೆ ಹಚ್ಚಿಕೊಂಡು ಕುಳಿತರು. ಕನಸಿನಲ್ಲಿ ಏನಾಯಿತು ಎಂಬುದು ಪುರಾವೆಯಲ್ಲ, ಅದು ಎಲ್ಲಿ ನಿಂತಿತು, ಯಾಕೆ ನಿಂತಿತು ಎಂಬುದು ಪುರಾವೆ. ಎರಡೂ ಬೀದಿಗಳಲ್ಲಿ ಒಂದೇ ಮಾತಿನಲ್ಲಿ ಕೇಳಬೇಕು. ಕನಸೇ ಬೀಳಲಿಲ್ಲ ಎಂದವರದೂ ದಾಖಲಾಗಬೇಕು. ಜೊತೆಗೆ ಕೆಲವು ಕಿಟಕಿಗಳಲ್ಲಿ ಸದ್ದು ಅಳೆಯುವ ಪುಟ್ಟ ಯಂತ್ರ ಇಡಬೇಕು. ಜನ ಎಚ್ಚರವಾದೆವು ಎಂದ ಹೊತ್ತಿಗೂ ಯಂತ್ರ ಸದ್ದು ಕೇಳಿದ ಹೊತ್ತಿಗೂ ತಾಳೆಯಾಗುತ್ತದೋ ನೋಡಬೇಕು. ಮೊದಲು ಹೇಳಿದ ಅಜ್ಜಿಯ ಹೊಳೆ ಆ ದಿನಗಳದು.

ಆಮೇಲಿನ ಬೆಳಗುಗಳನ್ನು ನೆನೆದರೆ ಅಕ್ಕನ ದನಿ ಮೆತ್ತಗಾಗುತ್ತದೆ. ನಲ್ಲಿ ರಿಪೇರಿಯವನು ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಊರ ಮೇಲೆ ಹಾರುತ್ತಿದ್ದ, ಆದರೆ ಯಾವ ತಾರಸಿಯ ಮೇಲೂ ಇಳಿಯಲಾಗುತ್ತಿರಲಿಲ್ಲ. ಕಾವಲುಗಾರನ ಕನಸಿನಲ್ಲಿ ಗೇಟೇ ಇಲ್ಲದ ದೊಡ್ಡ ಬಯಲು, ನಡುವೆ ಅವನಿಗಾಗಿ ಹಾಸಿದ ಹಾಸಿಗೆ. ಇನ್ನೇನು ಮಲಗಬೇಕು, ಎಚ್ಚರ. ಇವನ್ನೆಲ್ಲ ಹೊತ್ತು ಮನೆಗೆ ನಡೆಯುವಾಗ ಯಾವುದು ಯಾರದೆಂದು ಮರೆತುಹೋಗುತ್ತಿತ್ತು. ಮುಖ ತೊಳೆಯಲು ಬೊಗಸೆಯಲ್ಲಿ ನೀರು ತೆಗೆದರೆ ಬೆಚ್ಚಗೆನಿಸುತ್ತಿತ್ತು, ಮೇಲೆ ನೋಡಿದರೆ ಚೀಲ ಹೊತ್ತವನೊಬ್ಬ ಹಾರಿಹೋದಂತಾಗುತ್ತಿತ್ತು. “ನಂಗೆ ಕನಸು ಬೀಳೋದು ನಿಂತೇಹೋಗಿತ್ತು. ಇಡೀ ಬೀದೀದು ನನ್ನ ತಲೇಲೇ ಇತ್ತಲ್ಲ, ಜಾಗ ಎಲ್ಲಿ?”

ಮುಂದಿನ ಬೀದಿಯ ಕಥೆಯೇ ಬೇರೆ. ಅಲ್ಲಿನ ನಿವೃತ್ತ ಗುಮಾಸ್ತರೊಬ್ಬರು ಕನಸಿನಲ್ಲಿ ಮದುವೆ ಊಟಕ್ಕೆ ಹೋದವರು, ಪಂಕ್ತಿಯಲ್ಲಿ ಕುಳಿತು, ಬಡಿಸಿದ್ದನ್ನೆಲ್ಲ ಉಂಡು, ಕೈ ತೊಳೆದು, ಬೀಗರಿಗೆ ಹೇಳಿ, ಚಪ್ಪಲಿ ಹುಡುಕಿಕೊಂಡು ಮನೆ ಸೇರಿದ ಮೇಲೆಯೇ ಎಚ್ಚರವಾದರಂತೆ. ಕೇಳುತ್ತ ನಿಂತ ಅಕ್ಕನ ಕಾಲು ಜೋಮು ಹಿಡಿದಿತ್ತು. ಒಂದೇ ಊರಿನಲ್ಲಿ ಒಂದು ಬೀದಿಯ ಕನಸಿಗೆ ಕೊನೆಯಿದೆ, ಇನ್ನೊಂದಕ್ಕಿಲ್ಲ. ಇದಕ್ಕಿಂತ ದೊಡ್ಡ ಅನ್ಯಾಯ ಬೇಕೇ ಎಂದು ಆ ದಿನ ಅವರಿಗೆ ಸಿಟ್ಟು ಬಂತು. ಆದರೂ ಗುಮಾಸ್ತರ ಮಾತನ್ನು ಚಾಚೂ ತಪ್ಪದೆ ದಾಖಲಿಸಿದರು.

ಸಮಿತಿಯ ಸಭೆಗೆ ಮೇಡಂ ಅಕ್ಕನನ್ನೂ ಕರೆದೊಯ್ದರು. ಉದ್ದನೆಯ ಮೇಜು, ಮೆಲ್ಲಗೆ ತಿರುಗುವ ಫ್ಯಾನು. ಕನಸು ಎಂಬ ಮಾತು ಬಂದಾಗ ಒಂದಿಬ್ಬರು ಮುಸಿಮುಸಿ ನಕ್ಕರು. ಮೇಡಂ ಎರಡು ಚಿತ್ರಗಳನ್ನು ಗೋಡೆಯ ಮೇಲೆ ಮೂಡಿಸಿದರು. ಒಂದರಲ್ಲಿ ಕಿಟಕಿಯ ಯಂತ್ರ ಕೇಳಿಸಿಕೊಂಡ ಸದ್ದಿನ ಗೆರೆಗಳು, ಇನ್ನೊಂದರಲ್ಲಿ ಜನ ಎಚ್ಚರಗೊಂಡ ಹೊತ್ತು. ಒಂದರ ಮೇಲೊಂದು ಇಟ್ಟಾಗ ಹಿಂದಿನ ಬೀದಿಯವು ಹೆಚ್ಚುಕಡಿಮೆ ಕೂಡಿಕೊಂಡವು. ನಗು ನಿಂತಿತು. ಅಧ್ಯಕ್ಷರು ಅಕ್ಕನತ್ತ ತಿರುಗಿ, “ನೀವು ಏನು ಹೇಳ್ತೀರಮ್ಮ?” ಎಂದರು.

ಗಂಡನ ಕೆಂಪು ಕಣ್ಣುಗಳೇ ಎದುರಿಗೆ ಬಂದವಂತೆ. ಹೇಳಬಹುದಿತ್ತು. ಬೇಡಿಕೊಳ್ಳಲೂ ಬಹುದಿತ್ತು.

“ನನ್ನ ಕೇಳ್ಬೇಡಿ ಸಾರ್,” ಎಂದರು ಅಕ್ಕ. “ನಾನೂ ಅದೇ ಬೀದಿಯೋಳು, ನಂದು ಒಂದು ಕಡೆ ವಾಲುತ್ತೆ. ಅವರೆಲ್ಲ ಹೇಳಿದ್ದು ಅಲ್ಲಿದೆ. ಅದನ್ನ ನೋಡಿ.”

ತೀರ್ಮಾನ ಬಂದದ್ದು ಕಳೆದ ತಿಂಗಳು. ಲಾರಿಗಳು ಮಾಯವಾಗಲಿಲ್ಲ, ಗೋದಾಮು ಇರುವ ತನಕ ಆಗುವುದೂ ಇಲ್ಲ. ಆದರೆ ಇನ್ನು ಮೇಲೆ ಅವು ಈ ಎರಡೂ ಸೇರಿ ಸುತ್ತಲಿನ ನಾಲ್ಕು ಬೀದಿಗಳಲ್ಲಿ ವಾರಕ್ಕೊಂದರಂತೆ ಸರದಿಯಲ್ಲಿ ಹೋಗಬೇಕು, ಎಲ್ಲಿಯೂ ಹಾರ್ನ್ ಹಾಕಕೂಡದು. ಮುಂದಿನ ಬೀದಿಯವರು ಮುನಿಸಿಕೊಂಡಿದ್ದಾರೆ. ಗುಮಾಸ್ತರು ಅಕ್ಕನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅವರ ಸರದಿಯ ವಾರದಲ್ಲಿ ಅವರ ಮನೆಗೂ ಹೋಗಿ ಕೇಳುವುದು ಇದ್ದೇ ಇದೆ. “ಅವರದೂ ಅರ್ಧಕ್ಕೇ ನಿಂತ್ರೆ ಅದನ್ನೂ ಬರೀಬೇಕಲ್ವಾ?”

ಹಿಂದಿನ ಬೀದಿಗೆ ಲಾರಿ ಬಾರದ ಮೊದಲ ವಾರದ ರಜೆಯ ದಿನ. ಗಂಡನಿಗೂ ರಜೆ, ಅಕ್ಕನ ವಾರದ ರಜೆ ಮಾತ್ರ ಬೇರೆ ದಿನ. ಅಧ್ಯಯನ ಮುಂದುವರಿದಿದೆ, ಅಕ್ಕ ಎಂದಿನಂತೆ ಬೆಳಕು ಹರಿಯುವ ಮುಂಚೆ ಫೋನು ಹಿಡಿದು ಹೊರಟಿದ್ದಾರೆ. ಮಲಗಿದವರನ್ನು ಎಬ್ಬಿಸಿ ಕೇಳುವಂತಿಲ್ಲ, ಎದ್ದವರನ್ನಷ್ಟೇ ಮಾತಾಡಿಸಬೇಕು. ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಯಾವ ಬಾಗಿಲೂ ತೆರೆದಿಲ್ಲ. ಬಿಸಿಲು ಗೋಡೆಗಳ ಮೇಲಿಂದ ಇಳಿದು ಅಂಗಳಕ್ಕೆ ಬರುತ್ತದೆ. ಇನ್ನೊಮ್ಮೆ ನಡೆಯುತ್ತಾರೆ. ಕೊನೆಗೆ ತಮ್ಮ ಮನೆಯ ಕಿಟಕಿಯಲ್ಲಿ ಇಣುಕುತ್ತಾರೆ. ಗಂಡ ಬಾಯಿ ತೆರೆದುಕೊಂಡು, ಒಂದು ಕಾಲು ಮಂಚದಿಂದ ಕೆಳಗೆ ಬಿಟ್ಟು, ಗೊರಕೆ ಹೊಡೆಯುತ್ತಿದ್ದಾರೆ.

ಅಷ್ಟರಲ್ಲಿ ಫೋನು ನಡುಗುತ್ತದೆ. ಆ ಕಡೆಯಿಂದ ಮೇಡಂ: “ಅಕ್ಕ, ಇವತ್ತಿಂದು ಒಂದೂ ಬಂದಿಲ್ಲವಲ್ಲ. ಎಲ್ಲಾ ಖಾಲಿ ತೋರಿಸ್ತಿದೆ. ಏನಾಯ್ತು?”

ಅಕ್ಕ ಕಿಟಕಿಯಿಂದ ನಾಲ್ಕು ಹೆಜ್ಜೆ ದೂರ ಬಂದು, ಫೋನಿಗೆ ಕೈ ಅಡ್ಡ ಹಿಡಿದು, ಪಿಸುದನಿಯಲ್ಲಿ ಹೇಳುತ್ತಾರೆ:

“ಏನೂ ಆಗಿಲ್ಲ ಮೇಡಂ. ಮೆಲ್ಲಗೆ ಮಾತಾಡಿ. ಎಲ್ಲರೂ ಮಲಗಿದ್ದಾರೆ.”