ಮುಚ್ಚಳದೊಳಗೆ ಖಾಜಾನ ಗುರುತು

ಖಾಜಾ, ಹಟ್ಟಿಯ ಬಸವರಾಜನ ಗೇಮ್ ಮಷಿನ್ನನ್ನು ನೀನು ಬದಲಿಸಲಿಲ್ಲ. ಯಾರೂ ಬದಲಿಸಲಿಲ್ಲ. ಹಳೆಯದನ್ನೇ ಹೊಸ ಡಬ್ಬಿಯಲ್ಲಿಟ್ಟು ಮಾರಿದವನು ನಾನು. ಇಷ್ಟು ಹೇಳುವುದಕ್ಕೆ ಎರಡು ವರ್ಷ ತೆಗೆದುಕೊಂಡೆ — ಅದೂ ನಿನಗೆ ಮೊದಲೇ ಗೊತ್ತಿದ್ದ ಸಂಗತಿಯನ್ನು.

ಆ ವರ್ಷ ಕಂಪನಿಯವರು ಆ ಮಷಿನ್ನನ್ನು ಹೊಸದಾಗಿ ಮಾಡಿದ್ದರು. ಹೊರಗಿನಿಂದ ನೋಡಿದರೆ ಅದೇ ಬಿಳಿ ಮೈ. ಒಳಗೆ ಬೋರ್ಡು ಬೇರೆ, ತೂಕ ಕಡಿಮೆ, ಬಿಸಿಯೂ ಕಡಿಮೆ. ತಳದ ಚೀಟಿಯಲ್ಲಿ ನಂಬರಿನ ಕೊನೆಯ ಅಕ್ಷರ ಮಾತ್ರ ಬದಲಾಗಿತ್ತು. ಮತ್ತೆ ಬೆಲೆ — ದಿನ ಕಳೆದಂತೆ ಇಳಿಯಬೇಕಾದದ್ದು ಏರಿಬಿಟ್ಟಿತ್ತು. ಸಿಂಧನೂರಿನ ನನ್ನ ಅಂಗಡಿಗೆ ಬಂದವು ಎರಡೇ. ಒಂದು ಮಾರಾಟವಾಯಿತು. ಇನ್ನೊಂದನ್ನು ನನ್ನ ಹೆಂಡತಿಯ ತಮ್ಮ ಬ್ಯಾಗಿಗೆ ಹಾಕಿಕೊಂಡ. "ಡಬ್ಬಿ ಇಲ್ಲೇ ಇರಲಿ ಮಾವಾ, ಬಸ್ಸಿನ್ಯಾಗ ಹಿಡಿಯಾಂಗಿಲ್ಲ" ಅಂದು ಹೋದ.

ಖಾಲಿ ಡಬ್ಬಿ ಉಳಿಯಿತು. ಪಕ್ಕದಲ್ಲೇ ಗಾಜಿನ ಕಪಾಟಿನಲ್ಲಿ ಒಂದು ವರ್ಷದಿಂದ ಡಿಸ್‌ಪ್ಲೇಗೆ ನಿಂತಿದ್ದ ಹಳೇ ಮಾಡೆಲ್ಲು. ಕೆಟ್ಟ ಬುದ್ಧಿಗೆ ಮುಹೂರ್ತ ಬೇಕೇ? ಹಳೆಯದನ್ನು ಆ ಡಬ್ಬಿಗೆ ಇಳಿಸಿ ಸೀಲು ಅಂಟಿಸಿಟ್ಟೆ. ಮರುದಿನವೇ ಬಸವರಾಜ ಬಂದ. ಗಣಿಯಲ್ಲಿ ಶಿಫ್ಟ್ ದುಡಿಯುವ ಮನುಷ್ಯ, ಎಲ್ಲ ಕೇಳಿ ತಿಳಿದುಕೊಂಡೇ ಬಂದಿದ್ದ.

"ಹೊಸಾ ಮಾಡೆಲ್ ಹೌದಲ್ರೀ? ಹಳೇದು ಭಾಳ ಬಿಸಿ ಆಗ್ತದಂತ."

"ಕಣ್ಣು ಮುಚ್ಚಿ ತಗೊಂಡು ಹೋಗ್ರಿ" ಅಂದೆ. ಹೊಸದರ ಬೆಲೆಯನ್ನೇ ತೆಗೆದುಕೊಂಡೆ. ಹೆಚ್ಚಿಗೆ ಸಿಕ್ಕಿದ್ದು ಎಷ್ಟು ಎಂದು ಬರೆದರೆ ನಿನಗೆ ನಗು ಬಂದೀತು. ಅಷ್ಟಕ್ಕೆ!

ನಾನು ಮರೆತದ್ದು ನಿನ್ನ ರೂಢಿಯನ್ನು. ನನ್ನ ಗೋಡೆಗೆ ಹತ್ತಿಕೊಂಡೇ ಇದ್ದ ನಿನ್ನ ರಿಪೇರಿ ಅಂಗಡಿಯಲ್ಲಿ ಯಾವ ಸಾಮಾನು ಬಿಚ್ಚಿದರೂ ನೀನು ಮುಚ್ಚಳದ ಒಳಮೈಗೆ 'ಖಾ' ಎಂದು ಬರೆದು ಕೆಳಗೆ ತಾರೀಖು ಹಾಕುತ್ತಿದ್ದೆ. ಯಾಕೋ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ನಾಳೆ ಇನ್ನೊಬ್ಬ ಬಿಚ್ಚಿದ್ರ, ಯಾರು ಕೈ ಹಚ್ಯಾರಂತ ಗೊತ್ತಾಗಬೇಕಲ್ಲಣ್ಣಾ" ಅಂದಿದ್ದೆ. ಆ ಡಿಸ್‌ಪ್ಲೇ ಮಷಿನ್ನಿನೊಳಗೆ ರೈಸ್ ಮಿಲ್ಲಿನ ಧೂಳು ತುಂಬಿದಾಗ ಬಿಚ್ಚಿ ಸ್ವಚ್ಛ ಮಾಡಿಕೊಟ್ಟವನೂ ನೀನೇ.

ನಾಲ್ಕು ತಿಂಗಳಿಗೆ ಬಸವರಾಜ ವಾಪಸ್ ಬಂದ. ಫ್ಯಾನು ಒದರುತ್ತದೆ, ಮುಟ್ಟಿದರೆ ಕೈ ಸುಡುತ್ತದೆ ಅಂದ. ವಾರಂಟಿ ಇತ್ತು. ಆದರೆ ಕಂಪನಿಗೆ ಕಳಿಸಿದರೆ ತಳದ ಆ ಒಂದು ಅಕ್ಷರ ಓದಿ ನನ್ನನ್ನು ಹಿಡಿಯುತ್ತಾರೆ — ಹೆದರಿದೆ. "ಕಂಪನಿಗೆ ಕಳ್ಸಿದ್ರ ತಿಂಗಳು ಹಿಡಿತದ್ರಿ, ನಮ್ಮ ಖಾಜಾನ ಕೈಯಾಗ ಕೊಡ್ರಿ" ಎಂದು ನಿನ್ನ ಕಡೆ ಕಳಿಸಿದೆ. ನಿನ್ನನ್ನು ಆ ಗುಂಡಿಯ ಅಂಚಿಗೆ ನಿಲ್ಲಿಸಿದವನೂ ನಾನೇ.

ಅವನು ಮಷಿನ್ ಬಿಟ್ಟು ಸಂತೆಗೆ ಹೋಗಿ ಮಧ್ಯಾಹ್ನ ಬಂದಾಗ ನೀನು ಆಗಷ್ಟೇ ಮುಚ್ಚಳ ತೆಗೆದಿದ್ದೆ. ಅವನು ಬಗ್ಗಿ ನೋಡಿದ. ನಿನ್ನ ಅಕ್ಷರ, ನಿನ್ನ ತಾರೀಖು.

"ನಾ ತಗೊಳ್ಳೋಕಿಂತ ಮೊದಲಿನ ತಾರೀಖು ನನ್ನ ಮಷಿನ್‌ನ್ಯಾಗ ಹ್ಯಾಂಗ ಬಂತಲೇ? ನಿನ್ನ ಹಳೇದು ಇಟ್ಟು ನಂದು ನುಂಗೀಯೇನು?"

ಓಣಿಯೆಲ್ಲ ಕೂಡಿತು. ನೀನು ಆ ಗುರುತು ನೋಡಿದೆ, ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದೆ. ನಿನಗೆ ತಿಳಿದದ್ದು ನನಗೂ ತಿಳಿಯಿತು. ಬಾಯಿಬಿಟ್ಟು ಹೇಳಬಹುದಿತ್ತು ನೀನು — ಇದು ಇವರ ಕಪಾಟಿನಲ್ಲಿದ್ದ ಮಷಿನ್ನು ಎಂದು. ಹೇಳಲಿಲ್ಲ. ನಾನು ಹೇಳಲಿ ಎಂದು ಜಾಗ ಬಿಟ್ಟೆ.

"ಅಣ್ಣಾ, ನೀವ ಹೇಳ್ರಿ."

"ನಾ ಕೊಟ್ಟಿದ್ದು ಸೀಲ್ ಪ್ಯಾಕ್ರಿ" ಅಂದೆ. "ಮುಂದಿಂದು ನನಗ ಗೊತ್ತಿಲ್ಲ."

ಆಮೇಲೆ ನಾನೇ ದೊಡ್ಡ ಮನುಷ್ಯನ ಹಾಗೆ ಬಸವರಾಜನಿಗೆ ಆಟ ಆಡುವ ಒಂದು ರಿಮೋಟ್ ಬಿಟ್ಟಿ ಕೊಟ್ಟು ಸಮಾಧಾನ ಮಾಡಿದೆ. ಅವನು ಕೈಮುಗಿದು ಹೋದ. ಮರುದಿನದಿಂದ ನಿನ್ನ ಗಿರಾಕಿಗಳು ಸ್ಟೂಲ್ ಎಳೆದುಕೊಂಡು ಎದುರಿಗೇ ಕೂರತೊಡಗಿದರು. "ನಮ್ಮ ಮುಂದನ ಬಿಚ್ಚು, ನಮ್ಮ ಮುಂದನ ಮುಚ್ಚು" ಅನ್ನುವರು. ನೀನು ತಲೆ ಎತ್ತದೆ ಸ್ಕ್ರೂ ತಿರುವುತ್ತಿದ್ದೆ. ಗೋಡೆಯ ಈಚೆಗೆ ನಾನು ಟಿವಿಯ ದನಿ ಏರಿಸುತ್ತಿದ್ದೆ. ಮೂರು ತಿಂಗಳಿಗೆ ನೀನು ಅಂಗಡಿ ಮುಚ್ಚಿ ಬಳಗಾನೂರಿಗೆ ಹೋದೆ. ಹೋಗುವಾಗಲೂ "ಬರ್ತೀನಣ್ಣಾ" ಅಂದೆಯಲ್ಲ — ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅಂದಿನಿಂದ ಯಾರಾದರೂ ನನ್ನೆದುರು ಏನನ್ನಾದರೂ ಬಿಚ್ಚಿದರೆ ಏನೋ ನೆಪ ಹೇಳಿ ಎದ್ದು ಒಳಗೆ ಹೋಗುತ್ತೇನೆ. ಹಟ್ಟಿಯಿಂದ ಫೋನ್ ಬಂದರೆ ಎತ್ತುವ ಮೊದಲು ನೀರು ಕುಡಿಯುತ್ತೇನೆ.

ನಿನ್ನೆ ಲಿಂಗಸುಗೂರಿನಿಂದ ಫೋನ್ ಬಂತು. ಅಲ್ಲಿಯ ಸರ್ವಿಸ್ ಅಂಗಡಿಯಲ್ಲಿ ನೀನು ಕೆಲಸ ಕೇಳಿದ್ದೀಯಂತೆ. "ಕೈ ಚಲೋ ಅದ. ಆದ್ರ ಮಷಿನ್ ಬದಲಿ ಮಾಡಿದ್ದ ಅಂತ ಕೇಳೀನಿ, ಖರೇ ಏನ್ರಿ?" ಅಂದರು ಮಾಲೀಕರು. "ನಾಳೆ ಹೇಳ್ತೀನ್ರಿ" ಅಂದುಬಿಟ್ಟೆ. ನಾಳೆ! ಇನ್ನೂ ಲೆಕ್ಕ ಹಾಕುತ್ತಿದ್ದೆ ನೋಡು — ಇದು ಹೊರಬಿದ್ದರೆ ನನ್ನ ಅಂಗಡಿಯ ಗತಿ ಏನು, ಯಾರು ಹತ್ತುತ್ತಾರೆ ಮೆಟ್ಟಿಲು ಎಂದು.

ಇವತ್ತು ಬೆಳಿಗ್ಗೆ ಫೋನ್ ಮಾಡಿದೆ. "ಅವ ಕಳ್ಳ ಅಲ್ರಿ. ಕಳ್ಳ ನಾ."

ನಡೆದದ್ದನ್ನೆಲ್ಲ ಅವರು ಕೇಳಿಸಿಕೊಂಡರು. ಆಮೇಲೆ, "ಬಾಯಿಮಾತು ಆತು. ಬರದು ಕೊಡ್ತೀರೇನು?" ಎಂದು ಕೇಳಿದರು.

ಬರೆದಿದ್ದೇನೆ, ಇದೇ ಆ ಕಾಗದ. ಒಂದು ಪ್ರತಿ ಅವರಿಗೆ, ಒಂದು ಹಟ್ಟಿಯ ಬಸವರಾಜನಿಗೆ. ಅವನ ಹಣವನ್ನೂ ನಾನೇ ಒಯ್ದು ಕೊಡುತ್ತೇನೆ. ಆದರೆ ಇದನ್ನು ಮೊದಲು ನೀನು ಓದಬೇಕು. ನಾಳೆ ಮೊದಲನೇ ಬಸ್ಸಿಗೆ ಇದನ್ನು ಹಿಡಿದುಕೊಂಡೇ ಬಳಗಾನೂರಿಗೆ ಬರುತ್ತೇನೆ. ಎಲ್ಲಿಯಾದರೂ ನನ್ನನ್ನು ನಾನು ಉಳಿಸಿಕೊಂಡ ಹಾಗೆ ಕಂಡರೆ ಅಲ್ಲಿ ಗೀಟು ಎಳೆ. ನೀನು ಓದಿ ಮುಗಿಸಿದ ಮೇಲೆಯೇ ಸಹಿ ಹಾಕುತ್ತೇನೆ.