ಸ್ಕೂಟಿಯ ಕಾಗದದಲ್ಲಿದ್ದ ವಿಳಾಸ

ಜಮಖಂಡಿಯ ಸಾರಿಗೆ ಕಚೇರಿ ಎದುರಿನ ಬೇವಿನ ಗಿಡದ ಕೆಳಗೆ ಹುಲೆಪ್ಪ ಕಾಕಾ ಇಪ್ಪತ್ತೆರಡು ವರ್ಷಗಳಿಂದ ಜನರ ಅರ್ಜಿ ಬರೆಯುತ್ತಾನೆ. ಪಕ್ಕದ ಝರಾಕ್ಸ್ ಅಂಗಡಿ ನನ್ನದು. "ಸಾಕಾಗೈತಿ ಬೇ ರಾಜೇಶ್ವರಿ" ಎಂದು ದಿನಕ್ಕೆ ಹತ್ತು ಸಲ ನರಳುತ್ತಾನೆ. ಮನೆಯಲ್ಲಿ ಕೂಡು ಅಂದರೆ ಕೂಡುವ ಪೈಕಿಯಲ್ಲ.

ಯಾವ ಗಾಡಿ ಯಾರದೆಂದು ಹೇಳಲು ಅವನಿಗೆ ಒಂದು ಕಪ್ ಚಹಾ ಸಾಕಿತ್ತು. ಕಬ್ಬಿನ ಟ್ರ್ಯಾಕ್ಟರ್ ಆಡಿನ ಮೇಲೆ ಹಾಯ್ದು ಹೋಗಲಿ, ಬಾಗಿಲಿಗೆ ಅಡ್ಡ ಯಾರೋ ಬೈಕ್ ನಿಲ್ಲಿಸಲಿ, ಜನ ನಂಬರ್ ಹಿಡಿದು ಇವನಲ್ಲಿಗೇ ಬರುತ್ತಿದ್ದರು. ಸರಕಾರದ ದಾಖಲೆ ತೋರಿಸುವ ಯಾವುದೋ ಆ್ಯಪ್ ಇವನ ಮೊಬೈಲಿನಲ್ಲಿತ್ತು. ನಂಬರ್ ಒತ್ತಿದರೆ ಹೆಸರು, ಓಣಿ, ಮನೆ ಎಲ್ಲ ಹಾಜರು. ಯಾಕೆ ಬೇಕೆಂದು ಕೇಳುವ ರೂಢಿಯೇ ಇರಲಿಲ್ಲ.

ಹೋದ ವರ್ಷ ಪ್ರತಿಮಾ ಎಂಬ ಹೆಣ್ಣುಮಗಳು ಹಳೇ ಸ್ಕೂಟಿ ಕೊಂಡು ತನ್ನ ಹೆಸರಿಗೆ ಮಾಡಿಸಲು ಬಂದಿದ್ದಳು.

"ಈಗಿರೋ ಬನಹಟ್ಟಿ ಬಾಡಿಗಿ ಮನಿ ವಿಳಾಸ ಬ್ಯಾಡ್ರೀ ಕಾಕಾ. ಗಂಡ ಬಡೀತಾನಂತ ಬಿಟ್ಟು ಬಂದೇನ್ರೀ. ಹುಡುಕಾಕತ್ತಾನ. ಅನಗವಾಡಿ ತವರಮನಿದ ಬರೀರಿ."

"ಸುಳ್ಳ ಬರದ್ರ ನಾಳೆ ನಿನಗಽ ತ್ರಾಸ. ಸರಕಾರದ ಕಾಗದ ಯಾಂವ ನೋಡ್ತಾನ ಬೇ?"

ಕಾಕಾ ಬನಹಟ್ಟಿ ವಿಳಾಸವನ್ನೇ ಬರೆದ. ಅದಕ್ಕೆ ಬಾಡಿಗೆ ಕರಾರಿನ ಝರಾಕ್ಸ್ ತೆಗೆದುಕೊಟ್ಟವಳು ನಾನೇ.

ಕಳೆದ ತಿಂಗಳು ಇಸ್ತ್ರಿ ಮಾಡಿದ ಅಂಗಿ ತೊಟ್ಟವನೊಬ್ಬ ನಂಬರ್ ಬರೆದ ಚೀಟಿ ಹಿಡಿದು ಬಂದ. "ಮುಧೋಳ ಬಜಾರದಾಗ ಈ ನಂಬರಿನ ಸ್ಕೂಟಿ ನಮ್ಮವ್ವಗ ಹಾಯ್ದು ಹೋಗೈತ್ರೀ. ಬರೇ ಮಾತಾಡಾಕ ವಿಳಾಸ ಬೇಕ್ರೀ." ಕಾಕಾ ಬೆಳಗಿನಿಂದ ಬರೆದು ಸುಸ್ತಾಗಿದ್ದ. ನಂಬರ್ ಒತ್ತಿ, ಹೆಸರು, ವಿಳಾಸ ಓದಿ ಹೇಳಿ, ಚಹಾ ಕುಡಿದ. ಪ್ರತಿಮಾ ಎಂಬ ಹೆಸರು ಓದಿಯೂ ಅವನಿಗೆ ಏನೂ ನೆನಪಾಗಲಿಲ್ಲ. ನನಗೂ ಆಗಲಿಲ್ಲ, ಸುಳ್ಳೇಕೆ ಹೇಳಲಿ.

ವಾರದ ಮೇಲೆ ಪ್ರತಿಮಾ ಬಸ್ಸಿಳಿದು ಬಂದಳು. ಬಲಗೈಗೆ ಬೆರಳತನಕ ಪ್ಲಾಸ್ಟರ್.

"ಗಂಡ ಮನಿ ಹುಡುಕ್ಕೊಂಡು ಬಂದು ಕೈ ಮುರದಾನ್ರೀ. ಮನಿ ಬದಲಿ ಮಾಡೇನ್ರೀ. ಕಾಗದದಾಗೂ ವಿಳಾಸ ಬದಲಿ ಮಾಡ್ರಿ."

"ಅಂವಗ ಹೆಂಗ ಗೊತ್ತಾತವ್ವಾ?" ಕಾಕಾ ಕೇಳಿದ.

"ಬೇವಿನ ಗಿಡದ ಕೆಳಗ ಒಬ್ಬ ಮುದುಕ ಹೇಳಿದ ಅಂದಾನ್ರೀ."

ನನ್ನ ಮೈ ಉರಿಯಿತು. ಕಾಕಾನಿಗೆ ಬಾಯಿಗೆ ಬಂದಂತೆ ಬಯ್ಯಬೇಕೆಂದುಕೊಂಡೆ. ಅವನ ಮುಖ ನೋಡಿ ಆಗಲಿಲ್ಲ. ಕಾಕಾ ಅರ್ಜಿ ತೆಗೆದು ಅವಳ ಹೆಸರು ಬರೆದ. ವಿಳಾಸದ ಜಾಗ ಬಂದಾಗ ಪೆನ್ನು ಕೆಳಗಿಟ್ಟ.

"ನನಗ ಹೇಳಬ್ಯಾಡವ್ವಾ. ಯಾರಿಗೂ ಹೇಳಬ್ಯಾಡ. ನೀನಽ ಬರಿ" ಎಂದು ಅರ್ಜಿಯನ್ನು ಅವಳ ಕಡೆ ಸರಿಸಿ, ಮುಖ ಆಚೆ ತಿರುಗಿಸಿ ಕುಳಿತ.

ಪ್ರತಿಮಾ ಪ್ಲಾಸ್ಟರಿನ ಕೈ ಎತ್ತಿ ಮೇಜಿನ ಮೇಲಿಟ್ಟಳು.

"ಯಾವ ಕೈಲೆ ಬರೀಲ್ರೀ ಕಾಕಾ?"